ಹನ್ನೊಂದನೇ ನಿಮಿಷದ ಗುಟ್ಟು

ಓದುಗರ ಪ್ರಶ್ನೆಗೆ ಉತ್ತರ: ಆನ್‌ಲೈನ್ ಪಾಠ

ಪ್ರಶ್ನೆ: ನಾನು ಆನ್‌ಲೈನ್‌ನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಬ್ಯಾಚಿನಲ್ಲಿ 42 ಜನ. ಕೋರ್ಸ್ ಮುಗಿದ ಮೇಲೆ ಫೀಡ್‌ಬ್ಯಾಕ್ ಫಾರ್ಮ್ ಕಳಿಸಿದೆ. ಸರಾಸರಿ 5ಕ್ಕೆ 3.1 ಬಂತು. ಕಾಮೆಂಟ್ ಬರೆದವರು ಮೂರೇ ಜನ, ಅದರಲ್ಲಿ ಇಬ್ಬರು ‘ಪರವಾಗಿಲ್ಲ’ ಅಂದಿದ್ದಾರೆ. ನಾವು ಪಾಠ ನಡೆಸುವ ಮೂಡಲ್ ಸಾಫ್ಟ್‌ವೇರ್ ತೆರೆದರೆ ಲಾಗಿನ್, ಕ್ಲಿಕ್, ವಿಡಿಯೊ, ಕ್ವಿಜ್ ಅಂತ ರಾಶಿ ರಾಶಿ ವರದಿಗಳಿವೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಆ 3.1 ಅನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅದು ಕೊನೆಯವರೆಗೆ ಉಳಿದವರು ಕೊಟ್ಟ ಅಂಕ. ನಿಜವಾಗಿ ಬೇಜಾರಾದವರು ನಾಲ್ಕನೇ ವಾರವೇ ಮೆಲ್ಲಗೆ ಜಾಗ ಖಾಲಿ ಮಾಡಿರುತ್ತಾರೆ, ಅವರು ಫಾರ್ಮ್ ತುಂಬುವುದಿಲ್ಲ. ಫಾರ್ಮ್ ಬಂದಾಗ ಕೋರ್ಸೂ ಮುಗಿದಿರುತ್ತದೆ. ಬರೆದವರಿಗಂತೂ ಅದರಿಂದ ಏನೂ ಪ್ರಯೋಜನ ಇಲ್ಲ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ನನ್ನ ಹಳೆಯ ವಿಡಿಯೊ ಒಂದು 18 ನಿಮಿಷದ್ದಿತ್ತು. ಎಷ್ಟು ಜನ ಯಾವ ನಿಮಿಷ ನೋಡಿದರು ಅನ್ನುವ ಗ್ರಾಫ್ ತೆಗೆದೆ. ಗೆರೆ ಇಳಿಯುತ್ತಾ ಬಂದು ಹನ್ನೊಂದನೇ ನಿಮಿಷದಲ್ಲಿ ಗುಡ್ಡದ ಹಾಗೆ ಎದ್ದಿತ್ತು. ಜನ ಹಿಂದೆ ಹೋಗಿ ಮತ್ತೆ ಮತ್ತೆ ಅದೇ ಜಾಗ ನೋಡಿದ್ದರು. ನನಗೋ ಎಲ್ಲಿಲ್ಲದ ಖುಷಿ. ಅಲ್ಲೇ ನಾನೊಂದು ಜೋಕ್ ಹೇಳಿದ್ದೆ, ಜೋಕ್ ಹಿಡಿಸಿದೆ ಅಂದುಕೊಂಡೆ. ಮುಂದಿನ ಬ್ಯಾಚಿಗೂ ಅದೇ ವಿಡಿಯೊ ಹಾಕಿದೆ.

ಆಮೇಲೆ ಲೈವ್ ಕ್ಲಾಸಿನಲ್ಲಿ ಒಬ್ಬಳು ಕೇಳಿದಳು: ‘ಮೇಡಂ, ಆ ಟೇಬಲ್ ಸ್ವಲ್ಪ ಹೊತ್ತು ಇರಲಿ, ಬರ್ಕೊಳ್ಳೋದ್ರೊಳಗೆ ಹೋಗ್ಬಿಡುತ್ತೆ.’ ಅವತ್ತು ರಾತ್ರಿ ವಿಡಿಯೊ ಹಾಕಿ ಸ್ಟಾಪ್‌ವಾಚ್ ಹಿಡಿದು ನೋಡಿದೆ. ಟೇಬಲ್ ತೆರೆಯ ಮೇಲೆ ಇದ್ದದ್ದು ಬರೀ 9 ಸೆಕೆಂಡು! ಆಮೇಲೆ ನನ್ನ ಮುಖ, ನನ್ನ ಜೋಕು. ಪಾಪ, ಹುಡುಗರು ಟೇಬಲ್ಲಿಗಾಗಿ ಹಿಂದೆ ಹೋಗುತ್ತಿದ್ದರು, ಪ್ರತಿ ಸಲವೂ ಜೋಕು ಕೇಳಬೇಕಾಗಿತ್ತು.

ಇದು ನನ್ನೊಬ್ಬಳ ಕಥೆಯಲ್ಲ. ಆನ್‌ಲೈನ್ ಕೋರ್ಸುಗಳ ತಾಣ ಎಡ್‌ಎಕ್ಸ್‌ನ 862 ಪಾಠದ ವಿಡಿಯೊಗಳ ಮೇಲೆ 2014ರಲ್ಲಿ ಒಂದು ಅಧ್ಯಯನ ಬಂತು. ಇಂಥ ಗುಡ್ಡಗಳನ್ನು ಒಂದೊಂದಾಗಿ ನೋಡಿದಾಗ ಶೇಕಡಾ 61ರಲ್ಲಿ ತೆರೆಯ ಮೇಲಿನ ದೃಶ್ಯ ಬದಲಾಗುವ ಜಾಗವೇ ಸಿಕ್ಕಿತು. ಸ್ಲೈಡ್ ಹೋಯಿತು, ಮೇಷ್ಟ್ರ ಮುಖ ಬಂತು, ಅಂಥ ಜಾಗಗಳು. ಹಾಗಾಗಿ ಗುಡ್ಡ ಕಂಡ ಕೂಡಲೇ ಬೀಗಬೇಡಿ. ಡೇಟಾ ಎಲ್ಲಿ ಅಂತ ತೋರಿಸುತ್ತದೆ. ಯಾಕೆ ಅಂತ ಹುಡುಗರನ್ನೇ ಕೇಳಬೇಕು.

ವಿಡಿಯೊ ಉದ್ದದ ಬಗ್ಗೆ ಹೇಗೂ ಕೇಳುತ್ತೀರಿ, ಅದನ್ನೂ ಹೇಳಿಬಿಡುತ್ತೇನೆ. ಅದೇ ವರ್ಷದ ಇನ್ನೊಂದು ಅಧ್ಯಯನ ಎಡ್‌ಎಕ್ಸ್‌ನ 69 ಲಕ್ಷ ವೀಕ್ಷಣೆಗಳನ್ನು ನೋಡಿತು. ವಿಡಿಯೊ ಎಷ್ಟೇ ಉದ್ದ ಇದ್ದರೂ ಜನ ನೋಡುವ ಅವಧಿಯ ಮೀಡಿಯನ್, ಅಂದರೆ ಸಾಲಾಗಿ ಜೋಡಿಸಿದರೆ ನಡುವೆ ಬರುವ ಅಂಕಿ, 6 ನಿಮಿಷ ದಾಟಲಿಲ್ಲ. ಇದನ್ನು ಓದಿ ಕೆಲವರು ಕತ್ತರಿ ಹಿಡಿದು ಪಾಠವನ್ನು ಆರಾರು ನಿಮಿಷಕ್ಕೆ ಕತ್ತರಿಸಿದರು, ವಾಕ್ಯದ ನಡುವೆಯೇ. ಅದು ಬೇಡ. ಒಂದು ವಿಷಯ ಮುಗಿಯುವಲ್ಲಿ ನಿಲ್ಲಿಸಿ, ಸಾಕು.

ನಿಮಗೆ ನಿಜವಾದ ಗಣಿ ಇರುವುದು ಕ್ವಿಜ್‌ನಲ್ಲಿ. ಒಟ್ಟು ಅಂಕ ನೋಡಬೇಡಿ, ಒಂದೊಂದೇ ಪ್ರಶ್ನೆ ನೋಡಿ. ಯಾರು ತಪ್ಪಿದರು ಅನ್ನುವುದಕ್ಕಿಂತ ಯಾವ ತಪ್ಪು ಉತ್ತರ ಆರಿಸಿದರು ಅನ್ನುವುದು ಮುಖ್ಯ. ‘ಎಲ್ಲ ಅಂಕಿಗಳಿಗೂ 5 ಕೂಡಿಸಿದರೆ ಸ್ಟ್ಯಾಂಡರ್ಡ್ ಡೀವಿಯೇಷನ್ ಏನಾಗುತ್ತದೆ?’ ಅಂತ ನಾನು ಒಮ್ಮೆ ಕೇಳಿದ್ದೆ. ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ ಅದು. ಬದಲಾಗುವುದಿಲ್ಲ ಅನ್ನುವುದು ಸರಿ ಉತ್ತರ. 40 ಜನರಲ್ಲಿ 27 ಜನ ‘5 ಹೆಚ್ಚುತ್ತದೆ’ ಆರಿಸಿದ್ದರು. ಉಳಿದ ಎರಡು ತಪ್ಪು ಉತ್ತರಗಳನ್ನು ಹೆಚ್ಚುಕಮ್ಮಿ ಯಾರೂ ಮುಟ್ಟಿರಲಿಲ್ಲ. ಅಂದರೆ ಅವರು ಕಣ್ಣುಮುಚ್ಚಿ ಒತ್ತಿದ್ದಲ್ಲ. ಸರಾಸರಿಗೆ ಆಗುವುದೇ ಇದಕ್ಕೂ ಆಗುತ್ತದೆ ಅಂತ ಎಲ್ಲರೂ ಒಂದೇ ಥರ ತಿಳಿದುಕೊಂಡಿದ್ದರು. ಒಂದೇ ಥರದ ತಪ್ಪು ಇಷ್ಟು ಜನರಲ್ಲಿ ಬಂದರೆ ಪಾಠದಲ್ಲೇ ಏನೋ ಎಡವಟ್ಟಾಗಿದೆ, ಅಲ್ವಾ?

ಮೂಡಲ್‌ನ ಕ್ವಿಜ್ ವರದಿಯಲ್ಲಿ ‘ಡಿಸ್ಕ್ರಿಮಿನೇಷನ್ ಇಂಡೆಕ್ಸ್’ ಅಂತ ಇನ್ನೊಂದು ಅಂಕಿ ಇರುತ್ತದೆ. ಉಳಿದ ಪ್ರಶ್ನೆಗಳಲ್ಲಿ ಚೆನ್ನಾಗಿ ಮಾಡಿದವರು ಇದರಲ್ಲೂ ಚೆನ್ನಾಗಿ ಮಾಡಿದ್ದಾರಾ ಅಂತ ಅದು ಹೇಳುತ್ತದೆ. ಅದು ಮೈನಸ್ ಬಂದರೆ, ಅಂದರೆ ಜಾಣರು ತಪ್ಪಿ ಉಳಿದವರು ಸರಿ ಮಾಡಿದ್ದರೆ, ಮೊದಲು ನಿಮ್ಮ ಕೀ ಉತ್ತರ ನೋಡಿಕೊಳ್ಳಿ. ನನಗೆ ಎರಡು ಸಲ ಹೀಗಾಗಿದೆ. ಎರಡು ಸಲವೂ ಕೀ ತಪ್ಪಾಗಿತ್ತು.

ಇನ್ನೊಂದು ಲೆಕ್ಕ ಇದೆ, ನಾವು ಮೇಷ್ಟ್ರುಗಳು ನೋಡಲು ಹೆದರುವ ಲೆಕ್ಕ. ಅಸೈನ್‌ಮೆಂಟ್ ಬಂದ ತಾರೀಖು, ನೀವು ತಿದ್ದಿ ಕೊಟ್ಟ ತಾರೀಖು, ಎರಡೂ ಸಿಸ್ಟಂನಲ್ಲಿ ಇರುತ್ತವೆ. ಕಳೆದು ನೋಡಿ. ನಾನು ‘ಒಂದು ವಾರ ಆಗಿರಬಹುದು’ ಅಂದುಕೊಂಡಿದ್ದೆ. ಸರಾಸರಿ 13 ದಿನ ಬಂತು. ಹುಡುಗರು ಮುಂದಿನ ಅಸೈನ್‌ಮೆಂಟ್ ಬರೆದು ಕಳಿಸಿದ ಮೇಲೆ ಹಿಂದಿನದರ ತಪ್ಪು ಅವರಿಗೆ ತಿಳಿಯುತ್ತಿತ್ತು. ನಾನು ಮಾಡಿದ ಬದಲಾವಣೆಗಳಲ್ಲಿ ಅವರ ಮುಖ ಅರಳಿಸಿದ್ದು ಒಂದೇ. ಉದ್ದ ಟಿಪ್ಪಣಿ ಬರೆಯುವುದು ಬಿಟ್ಟು 4 ದಿನದೊಳಗೆ ಎರಡು ಸಾಲು ಬರೆದು ಕೊಡಲು ಶುರು ಮಾಡಿದ್ದು. ಹೊಸ ಕ್ಯಾಮೆರಾ, ಹೊಸ ಮೈಕು ಎಲ್ಲ ಆಮೇಲೆ.

ಮುಂದಿನ ಬ್ಯಾಚಿಗೆ ಮೂರನೇ ವಾರದಲ್ಲೇ ಎರಡು ಪ್ರಶ್ನೆ ಕೇಳಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ? ನಾನು ಏನು ಬದಲಾಯಿಸಲಿ? ಹೆಸರು ಬೇಡ. ಬಂದ ಉತ್ತರವನ್ನು ಗ್ರಾಫಿನ ಪಕ್ಕ ಇಟ್ಟು ನೋಡಿ. ಒಂದೇ ಒಂದನ್ನು ಸರಿಮಾಡಿ, ಸರಿಮಾಡಿದೆ ಅಂತ ಬಾಯಿಬಿಟ್ಟು ಹೇಳಿ: ‘ಹೋದ ವಾರ 27 ಜನ ಈ ಪ್ರಶ್ನೆಯಲ್ಲಿ ಎಡವಿದಿರಿ. ನಾನು ಹೇಳಿದ ರೀತಿಯೇ ಸರಿ ಇರಲಿಲ್ಲ. ಇವತ್ತು ಬೇರೆ ಥರ ನೋಡೋಣ.’ ಹೇಳದೆ ಸುಮ್ನೆ ಬದಲಾಯಿಸಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಪ್ರಶ್ನೆ: ನಮ್ಮ ಸಂಸ್ಥೆಯ ಸಿಸ್ಟಂ ಹಿಂದೆ ಬಿದ್ದವರ ಹೆಸರಿನ ಮುಂದೆ ಕೆಂಪು ಗುರುತು ಹಾಕುತ್ತದೆ. ಕೆಂಪು ಬಂದವರಿಗೆ ನಾವು ಎಚ್ಚರಿಕೆಯ ಮೇಲ್ ಕಳಿಸಬೇಕು. ಹುಡುಗರು ಸಿಟ್ಟಾಗುತ್ತಾರೆ. ಏನು ಮಾಡಲಿ?

ಉತ್ತರ: ಸಿಟ್ಟು ಬರದೆ ಇನ್ನೇನು? ನಾನೂ ಕಳಿಸಿದ್ದೆ. 9 ದಿನ ಲಾಗಿನ್ ಆಗದ ಹುಡುಗನಿಗೆ ‘ನಿಮ್ಮ ನಿರ್ಲಕ್ಷ್ಯ ಗಮನಕ್ಕೆ ಬಂದಿದೆ’ ಅಂತ ಬರೆದೆ. ಅವನು ಮೊದಲ ದಿನವೇ ಅಷ್ಟೂ ಪಾಠ ಡೌನ್‌ಲೋಡ್ ಮಾಡಿಕೊಂಡು ನೆಟ್ ಇಲ್ಲದೆ ಓದುತ್ತಿದ್ದ. ಬ್ಯಾಚಿನಲ್ಲೇ ಎರಡನೇ ಸ್ಥಾನ ಬಂದ. ಕ್ಷಮೆ ಕೇಳಿದೆ ಅನ್ನಿ, ಆದರೆ ಕೋರ್ಸ್ ಮುಗಿಯುವವರೆಗೂ ಅವನು ನನ್ನ ಹತ್ತಿರ ಒಂದು ಸಂದೇಹವನ್ನೂ ಕೇಳಲಿಲ್ಲ.

ಕೆಂಪು, ಹಳದಿ, ಹಸಿರು ದೀಪದ ಈ ಪದ್ಧತಿ ಹೆಸರು ಮಾಡಿದ್ದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ‘ಕೋರ್ಸ್ ಸಿಗ್ನಲ್ಸ್’ ಅನ್ನುವ ಸಾಫ್ಟ್‌ವೇರ್‌ನಿಂದ. ಈ ದೀಪ ಬಳಸುವ ಕೋರ್ಸುಗಳನ್ನು ಎರಡು ಅಥವಾ ಜಾಸ್ತಿ ತೆಗೆದುಕೊಂಡವರು ಓದು ಬಿಡುವುದು ಕಡಿಮೆ ಅಂತ ಸುದ್ದಿಯಾಯಿತು. 2013ರಲ್ಲಿ ಕೆಲವರು ಸರಳವಾಗಿ ಕೇಳಿದರು: ಓದು ಬಿಟ್ಟು ಹೋದವನು ಎರಡನೇ ಕೋರ್ಸ್ ತೆಗೆದುಕೊಳ್ಳುವುದು ಹೇಗೆ? ಉಳಿದುಕೊಂಡವರೇ ತಾನೇ ಜಾಸ್ತಿ ಕೋರ್ಸ್ ತೆಗೆದುಕೊಳ್ಳುವುದು? ಫಲವನ್ನೇ ಕಾರಣ ಅಂದುಕೊಂಡ ಹಾಗಾಗಿತ್ತು.

ಗುರುತು ತೆಗೆಸಲು ನಿಮ್ಮಿಂದ ಆಗಲಿಕ್ಕಿಲ್ಲ. ಆದರೆ ಎಚ್ಚರಿಕೆಯ ಮೇಲ್‌ನ ಭಾಷೆ ನಿಮ್ಮ ಕೈಯಲ್ಲಿದೆ. ಈಗ ನಾನು ಇಷ್ಟೇ ಬರೆಯುತ್ತೇನೆ: ‘ಒಂದು ವಾರದಿಂದ ಕಾಣಲಿಲ್ಲ. ಎಲ್ಲ ಸರಿ ಇದೆಯಾ? ಮೂರನೇ ಪಾಠದಲ್ಲಿ ಕಷ್ಟ ಆಗಿದ್ದರೆ ಹೇಳಿ.’ ಹೆಚ್ಚಿನವರು ಉತ್ತರ ಬರೆಯುತ್ತಾರೆ.

ಪ್ರಶ್ನೆ: ಲೈವ್ ಪಾಠದಲ್ಲಿ ಯಾರು ಗಮನ ಕೊಡುತ್ತಿದ್ದಾರೆ ಅಂತ ಅಳೆಯುವ ಸಾಫ್ಟ್‌ವೇರ್ ತರಿಸಬಹುದಾ?

ಉತ್ತರ: ಬೇಡ. ಝೂಮ್‌ನಲ್ಲೇ ಅಂಥದ್ದೊಂದು ಇತ್ತು. ತೆರೆ ಹಂಚಿಕೊಂಡಾಗ ಯಾರಾದರೂ 30 ಸೆಕೆಂಡಿಗಿಂತ ಜಾಸ್ತಿ ಬೇರೆ ವಿಂಡೊಗೆ ಹೋದರೆ ನಡೆಸುವವರಿಗೆ ಗೊತ್ತಾಗುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಅದನ್ನು ತೆಗೆದೇ ಹಾಕಿದರು. ಬೇರೆ ವಿಂಡೊದಲ್ಲಿ ನೋಟ್ಸ್ ಬರೆಯುವವನೂ ಅದಕ್ಕೆ ಕಳ್ಳನೇ. ಹತ್ತು ನಿಮಿಷಕ್ಕೊಮ್ಮೆ ಒಂದು ಪೋಲ್ ಕೇಳಿ, ಎಷ್ಟು ಜನ ಉತ್ತರಿಸಿದರು ಅನ್ನುವುದೇ ನಿಮ್ಮ ಅಳತೆ.

ಪ್ರಶ್ನೆ: ಉಪನ್ಯಾಸ ಕಡಿಮೆ ಮಾಡಿ, ಹುಡುಗರನ್ನು ಚಿಕ್ಕ ಗುಂಪು ಮಾಡಿ ಲೆಕ್ಕ ಬಿಡಿಸಲು ಹಚ್ಚಿದೆ. ಪರೀಕ್ಷೆಯ ಅಂಕ ಏರಿತು, ನನ್ನ ರೇಟಿಂಗ್ ಇಳಿಯಿತು! ಹಳೆಯ ದಾರಿಗೇ ಹೋಗಲಾ?

ಉತ್ತರ: ದಯವಿಟ್ಟು ಹೋಗಬೇಡಿ. ಹಾರ್ವರ್ಡ್‌ನ ಭೌತಶಾಸ್ತ್ರದ ತರಗತಿಗಳಲ್ಲಿ ಇದೇ ಆಯಿತು, ವರದಿ ಬಂದದ್ದು 2019ರಲ್ಲಿ. ತಾವೇ ಬಿಡಿಸಿದ ಗುಂಪು ಪರೀಕ್ಷೆಯಲ್ಲಿ ಜಾಸ್ತಿ ಅಂಕ ಪಡೆಯಿತು, ಆದರೆ ‘ನಾವು ಕಡಿಮೆ ಕಲಿತೆವು’ ಅಂದಿತು. ನುಣ್ಣಗೆ ಹೇಳಿದ ಪಾಠ ಕೇಳಿದವರಿಗೆ ಎಲ್ಲ ಅರ್ಥವಾದ ಹಾಗೆ ಅನ್ನಿಸಿತ್ತು. ತಲೆ ಬಿಸಿಯಾದರೆ ನಮಗೆ ಬರುವುದಿಲ್ಲ ಅಂತ ಅನ್ನಿಸುವುದು ಸಹಜ. ಅದಕ್ಕೇ ಬರೀ ರೇಟಿಂಗ್ ಹಿಂದೆ ಓಡಿದರೆ ಪಾಠ ಹಗುರಾಗುತ್ತಾ ಹೋಗುತ್ತದೆ.

ಮೊದಲ ದಿನವೇ ಹೇಳಿಬಿಡಿ, ‘ಒದ್ದಾಟ ಆಗುತ್ತದೆ, ಆಗಲೇಬೇಕು.’ ನಾಲ್ಕನೇ ವಾರ ಅವರವರ ಮೊದಲ ಕ್ವಿಜ್ ಮತ್ತು ಈಗಿನ ಕ್ವಿಜ್ ಪಕ್ಕಪಕ್ಕ ತೋರಿಸಿ. ಬೇರೆಯವರದ್ದು ಬೇಡ, ಅವರದ್ದೇ.

ಪ್ರಶ್ನೆ: ನಾನು ವಿದ್ಯಾರ್ಥಿನಿ. ನಾನು ಯಾವಾಗ ಏನು ಒತ್ತಿದೆ ಅನ್ನುವುದೆಲ್ಲ ಕೋರ್ಸ್ ನಡೆಸುವವರ ಹತ್ತಿರ ಇದೆಯಂತೆ. ಏನೇನಿದೆ ಅಂತ ಕೇಳಿದರೆ ತಪ್ಪಾಗುತ್ತದಾ?

ಉತ್ತರ: ತಪ್ಪೇನಿಲ್ಲ, ಕೇಳಿ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 2014ರಲ್ಲೇ ಇದಕ್ಕೊಂದು ನೀತಿ ಬರೆದು ವಿದ್ಯಾರ್ಥಿಗಳ ಮುಂದಿಟ್ಟಿತು. ಮೂರು ವಿಷಯ ಬರಹದಲ್ಲಿ ಕೇಳಿ. ಏನನ್ನು ದಾಖಲಿಸುತ್ತೀರಿ, ಯಾರು ನೋಡುತ್ತಾರೆ, ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ? ನನ್ನ ಬ್ಯಾಚಿನವರು ಕೇಳಿದಾಗ ನನಗೆ ಮೂರನೆಯದಕ್ಕೆ ಉತ್ತರ ಗೊತ್ತಿರಲಿಲ್ಲ. ಅವರ ಪರವಾಗಿ ಮೇಲಿನವರಿಗೆ ನಾನೇ ಪತ್ರ ಬರೆದೆ. ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ನೀವು ಇವತ್ತೇ ಬರೆದುಬಿಡಿ.