ಊಟ ಮಾಡೋಣ್ವಾ ಅಂದ ಹೀರೋ ಎಲ್ಲಿ ಹೋದ?

ಪ್ರಶ್ನೆ: ಅಕ್ಕಾ, ನಮ್ಮ ಹಾಸ್ಟೆಲಲ್ಲಿ ಎಲ್ಲರ ಬಾಯಲ್ಲೂ 'ಚೀಸ್ ಇನ್ ದ ಟ್ರ್ಯಾಪ್' ಅನ್ನೋ ಕೊರಿಯನ್ ಕಾಲೇಜ್ ಲವ್ ಸ್ಟೋರಿದೇ ಮಾತು. ಒಟ್ಟು 16 ಎಪಿಸೋಡ್. ಕಕ್ಕಡ ತಿಂಗಳ ಮಳೆಗೆ ಊರಿಗೆ ಹೋದರೆ ಕರೆಂಟೂ ಇರಲ್ಲ, ನೆಟ್‌ವರ್ಕೂ ಇರಲ್ಲ. ಈಗಲೇ ಇಳಿಸಿಟ್ಟುಕೊಳ್ಳುವಷ್ಟು ಚೆನ್ನಾಗಿದೆಯಾ?
– ಡಿಗ್ರಿ ವಿದ್ಯಾರ್ಥಿನಿ, ಗೋಣಿಕೊಪ್ಪ

ಉತ್ತರ: ಮೊದಲ 10 ಎಪಿಸೋಡ್ ಕಣ್ಣು ಮುಚ್ಚಿ ಇಳಿಸಿಕೊಳ್ಳಮ್ಮ. ಉಳಿದ 6 ನೋಡುವಾಗ ಕರೆಂಟ್ ಹೋದರೂ ಅಂಥಾ ನಷ್ಟವಿಲ್ಲ.

ಇದು 2016ರಲ್ಲಿ ಟಿವಿಎನ್ ಚಾನೆಲ್‌ನಲ್ಲಿ ಬಂದದ್ದು. ನಿರ್ದೇಶಕಿ ಲೀ ಯೂನ್-ಜಂಗ್, 2007ರ 'ಕಾಫಿ ಪ್ರಿನ್ಸ್' ಸೀರಿಯಲ್ ಮಾಡಿದವರು. (ಅದರಲ್ಲಿ ಕಾಫಿ ತೋಟ ಹುಡುಕಬೇಡ, ಅದು ಕೆಫೆಯ ಕಥೆ.) ಲವ್ ಸ್ಟೋರಿ ಅಂತ ಹೆಸರಷ್ಟೇ, ನನಗೆ ಹಿಡಿಸಿದ್ದು ಅದರಲ್ಲಿರೋ ಕಾಲೇಜು. ನಾಯಕಿ ಹೊಂಗ್ ಸೋಲ್ (ಹೆಸರೇ ಸೋಲ್, ಪಾಪ) ಸ್ಕಾಲರ್‌ಶಿಪ್ ಸಿಕ್ಕದಿದ್ದರೆ ಓದು ನಿಲ್ಲಿಸಿ ದುಡಿಯಬೇಕಾದ ಹುಡುಗಿ. ನಟಿ ಕಿಮ್ ಗೊ-ಉನ್ ಅವಳ ಪಾತ್ರ ಮಾಡಿದ ರೀತಿಯಲ್ಲಿ ಸುಸ್ತು ಮುಖದ ಮೇಲೇ ಕಾಣುತ್ತದೆ. ಗ್ರೂಪ್ ಅಸೈನ್‌ಮೆಂಟಿನಲ್ಲಿ ಉಳಿದವರು ಒಂದೊಂದು ನೆಪ ಹೇಳಿ ಜಾರಿಕೊಳ್ಳುತ್ತಾರೆ, ರಾತ್ರಿಯೆಲ್ಲ ಕೂತು ಮಾಡುವವಳು ಇವಳು. ಅದನ್ನು ನೋಡುವಾಗ ನನಗೆ ನಮ್ಮ ಕಾಲೇಜಿನ ಪ್ರಾಜೆಕ್ಟ್ ನೆನಪಾಗಿ ಹೊಟ್ಟೆ ಉರಿಯಿತು. ರಟ್ಟಿನ ಮೇಲೆ ನಾಲ್ಕು ಹೆಸರು, ಒಳಗೆಲ್ಲ ನನ್ನೊಬ್ಬಳದೇ ಕೈಬರಹ, ವೈವಾದಲ್ಲಿ ಜಾಸ್ತಿ ಮಾತಾಡಿದವನಿಗೆ ಜಾಸ್ತಿ ಮಾರ್ಕ್ಸು!

ಆಮೇಲೆ ಸೋನ್ ಮಿನ್-ಸು ಅಂತ ಒಬ್ಬಳು ಬರುತ್ತಾಳೆ. ಸೋಲ್‌ಳ ಕೂದಲು, ಬಟ್ಟೆ ಎಲ್ಲವನ್ನೂ ಹಾಗೇ ಕಾಪಿ ಹೊಡೆಯುವವಳು. ಕೊರಿಯಾದಲ್ಲಿ ಈಗ ಯಾರಾದರೂ ಇನ್ನೊಬ್ಬರನ್ನು ನೋಡಿ ಹಾಗೇ ಮಾಡಿದರೆ ಅದಕ್ಕೆ ಇವಳ ಹೆಸರನ್ನೇ ಹೇಳುತ್ತಾರೆ, ಅಷ್ಟು ಜನರಿಗೆ ತಾಗಿದೆ ಪಾತ್ರ.

ಹೀರೋ ಯೂ ಜಂಗ್ (ಪಾರ್ಕ್ ಹೇ-ಜಿನ್) ಸೀನಿಯರ್, ಶ್ರೀಮಂತ, ಓದಿನಲ್ಲೂ ಮುಂದೆ. ಸೋಲ್ ಎದುರಾದಾಗಲೆಲ್ಲ 'ಊಟ ಮಾಡೋಣ್ವಾ' ಅಂತಾನೆ. ನಮ್ಮ ಕಡೆ ಈ ಮಾತಿಗೆ ಯಾರೂ ಹೆದರಲ್ಲ, ಅವನ ನಗುವಿನ ಹಿಂದೆ ಏನಿದೆಯೋ ಅಂತ ಅವಳು ಹೆದರುತ್ತಾಳೆ. ಒಂದು ಸೀನ್‌ನಲ್ಲಿ ಇಬ್ಬರೂ ಅಂಗಡಿಯಿಂದ ತಂದ ತ್ರಿಕೋನದ ಅನ್ನದ ಪೊಟ್ಟಣ ತಿನ್ನಲು ಕೂರುತ್ತಾರೆ. ಪ್ಲಾಸ್ಟಿಕ್ ಹೇಗೆ ಬಿಚ್ಚೋದು ಅಂತ ಇವನಿಗೆ ಗೊತ್ತಿಲ್ಲ, ಅವಳು ಬಿಡಿಸಿ ತೋರಿಸುತ್ತಾಳೆ. ದುಡ್ಡಿರುವವನು, ಇಲ್ಲದವಳು, ಇಬ್ಬರ ನಡುವಿನ ದೂರ ಎಲ್ಲ ಆ ಪ್ಲಾಸ್ಟಿಕ್ಕಿನಲ್ಲೇ ಇದೆ. ಡೈಲಾಗ್ ಬೇಕಾಗಲಿಲ್ಲ.

ಕೆಟ್ಟದ್ದು ಎಲ್ಲಿ ಅಂದರೆ, ಈ ಹುಡುಗ ಒಳ್ಳೆಯವನೋ ಕೆಟ್ಟವನೋ ಅಂತ ನಮ್ಮ ತಲೆಗೆ ಹುಳ ಬಿಟ್ಟು, ಕೊನೆಕೊನೆಗೆ ಅವನನ್ನೇ ಮೂಲೆಗೆ ತಳ್ಳಿಬಿಟ್ಟರು. ಅವನ ಬದಲು, ಹಿಂದೆ ಪಿಯಾನೋ ನುಡಿಸುತ್ತಿದ್ದ ಇನ್ನೊಬ್ಬ ಹುಡುಗ ಬೇಕ್ ಇನ್-ಹೋ ಪರದೆ ತುಂಬಿಕೊಂಡ. ಕಥೆ ಬಂದದ್ದು ಸೂನ್ಕಿ ಅವರ ವೆಬ್‌ಟೂನ್‌ನಿಂದ (ಅಂದ್ರೆ ನೆಟ್ಟಲ್ಲಿ ಕಂತು ಕಂತಾಗಿ ಬರೋ ಚಿತ್ರಕಥೆ), ಅದು ಆಗ ಇನ್ನೂ ಮುಗಿದೇ ಇರಲಿಲ್ಲ. ಪ್ರೇಕ್ಷಕರು ಗಲಾಟೆ ಮಾಡಿದರು, ಸೂನ್ಕಿ ಅವರೂ ಬಹಿರಂಗವಾಗಿ ಬೇಜಾರು ಹೇಳಿಕೊಂಡರು. ಕೊನೆಯಲ್ಲಿ ಆಕ್ಸಿಡೆಂಟ್, ಮೂರು ವರ್ಷದ ಗ್ಯಾಪ್, ಸೋಲ್ ಕಳಿಸಿದ ಮೇಲ್ ಯೂ ಜಂಗ್ ಓದಿದ್ದಾನೆ ಅಂತ ತೋರಿಸಿ ಪರದೆ ಎಳೆದರು. ಇಷ್ಟಕ್ಕೆ 16 ಎಪಿಸೋಡ್ ಕಾಯಿಸಬೇಕಿತ್ತಾ?

ಪ್ರಶ್ನೆ: ಮಗಳ ಪಕ್ಕ ಕೂತು ನಾನೂ ಎರಡು ಎಪಿಸೋಡ್ ನೋಡಿದೆ. ಮುಖದಲ್ಲಿ ನಗು, ಹಿಂದಿನಿಂದ ಚೂರಿ. ಇಂಥವನನ್ನು ಹೀರೋ ಅಂತ ತೋರಿಸೋದು ಸರಿಯಾ?
– ಗೃಹಿಣಿ, ಸೋಮವಾರಪೇಟೆ

ಉತ್ತರ: ಎರಡೇ ಎಪಿಸೋಡಿಗೆ ಹಿಡಿದುಬಿಟ್ಟಿರಲ್ಲ! ಹೆಸರೇ ಹೇಳುತ್ತದೆ, ಇಲಿಬೋನಿಗೆ ಇಟ್ಟ ಚೀಸ್ ಅಂತ. ನಮ್ಮ ಮನೆಯಲ್ಲಾದರೆ ಒಣಮೀನಿನ ತುಂಡು. ಅಂಥ ಹುಡುಗನನ್ನು ತೋರಿಸಿದ್ದು ನನಗೆ ತಪ್ಪು ಅನ್ನಿಸಲಿಲ್ಲ, ಕಾಲೇಜಿನಲ್ಲಿ ಅಂಥವರು ಇರುತ್ತಾರೆ. ಆದರೆ ಸೋಲ್ ಅಷ್ಟು ಬೇಗ ಕರಗುತ್ತಾಳೆ, ಅವನು ಹೇಳಿದ 'ಸಾರಿ'ಗಳು ಸುಮ್ನೆ ಜಾರಿ ಹೋಗುತ್ತವೆ. ಅಲ್ಲಿ ನನಗೂ ಸಿಟ್ಟು ಬಂತು. ಮಗಳ ಪಕ್ಕ ಕೂರೋದನ್ನು ಮಾತ್ರ ಬಿಡಬೇಡಿ. 'ನೀನಾಗಿದ್ರೆ ಏನ್ ಮಾಡ್ತಿದ್ದೆ' ಅಂತ ಮಧ್ಯೆ ಮಧ್ಯೆ ಕೇಳಿ, ಸೀರಿಯಲ್‌ಗಿಂತ ಆ ಮಾತು ಚೆನ್ನಾಗಿರುತ್ತದೆ.

ಪ್ರಶ್ನೆ: ನಾನು ಇನ್-ಹೋ ಪಾರ್ಟಿ. ನೀವು?
– ಹೆಸರು ಬೇಡ, ವಿರಾಜಪೇಟೆ

ಉತ್ತರ: ಕೈಗೆ ಪೆಟ್ಟಾಗಿ ಪಿಯಾನೋ ಬಿಟ್ಟವನು, ಸೋಲ್‌ಳ ಅಪ್ಪ ಅಮ್ಮನ ನೂಡಲ್ಸ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತವನು, ಅವನನ್ನು ಇಷ್ಟಪಡದೆ ಇರೋದು ಕಷ್ಟ. ಆದ್ರೂ ನನ್ನ ಓಟು ಇಬ್ಬರಿಗೂ ಇಲ್ಲ. ಸೋಲ್ ಮೊದಲು ಒಂದು ವಾರ ನಿದ್ದೆ ಮಾಡಲಿ.