ಖಾಲಿ ರೈಲನ್ನು ಬೈಬೇಡಿ

ಮಂಡ್ಯದಿಂದ ದಿನಾ ಬೆಂಗಳೂರಿಗೆ ಓಡಾಡುವ ಓದುಗರೊಬ್ಬರು ಬರೆದಿದ್ದಾರೆ: 'ಪ್ಲಾಟ್‌ಫಾರ್ಮ್ ತುಂಬ ಜನ ನಿಂತಿರ್ತೀವಿ. ಕಣ್ಣೆದುರಿಗೇ ಖಾಲಿ ರೈಲು ಹೋಗುತ್ತೆ. ನಿಲ್ಲಿಸಿ ಹತ್ತಿಸಿಕೊಂಡರೆ ಇವರ ಗಂಟೇನು ಹೋಗುತ್ತೆ?'

ನಿಮ್ಮ ಸಿಟ್ಟು ನ್ಯಾಯವೇ ಸ್ವಾಮಿ. ಎರಡೂ ತುದಿಯಲ್ಲಿ ಪ್ಲಾಟ್‌ಫಾರ್ಮ್ ಇದ್ದು, ಹೊತ್ತೂ ಹೊಂದಿದರೆ ಜನರನ್ನು ಹತ್ತಿಸಿಕೊಳ್ಳಬಹುದು. ಒಪ್ಪಿದೆ. ಆದರೆ ಆ ಗಾಡಿಯನ್ನು ಬೈಬೇಡಿ, ನಾಳೆ ನೀವು ಹತ್ತುವುದು ಅದನ್ನೇ ಇರಬಹುದು.

ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಾ? ಕಾರ್ಖಾನೆಗೆ ಕಬ್ಬು ಹಾಕಿದ ಗಾಡಿ ಖಾಲಿಯೇ ವಾಪಸ್ ಬರುತ್ತೆ, ಬರದಿದ್ದರೆ ನಾಳೆಯ ಕಬ್ಬು ಗದ್ದೆಯಲ್ಲೇ ಒಣಗುತ್ತೆ. ರೈಲಿನದೂ ಅದೇ ಕಥೆ. ಬೆಳಿಗ್ಗೆ ಜನ ಎಲ್ಲಾ ಒಂದೇ ಕಡೆಗೆ, ಸಂಜೆ ಎಲ್ಲಾ ಈ ಕಡೆಗೆ. ನಡುವೆ ರೇಕು, ಅಂದರೆ ಜೋಡಿಸಿದ ಡಬ್ಬಿಗಳ ಇಡೀ ಸಾಲು, ಪಿಟ್ ಲೈನ್‌ಗೆ ಹೋಗಬೇಕು. ಅಲ್ಲಿ ಹಳಿಯ ಕೆಳಗಿನ ಗುಂಡಿಗೆ ಇಳಿದು ಬ್ರೇಕು, ಚಕ್ರ ನೋಡ್ತಾರೆ, ಡಬ್ಬಿ ತೊಳೆದು ನೀರು ತುಂಬಿಸ್ತಾರೆ. ಅಲ್ಲಿ ಪ್ಲಾಟ್‌ಫಾರ್ಮೇ ಇರಲ್ಲ, ನೀವು ಇಳಿಯೋದೆಲ್ಲಿ? ದಾರಿಯಲ್ಲಿ ನಾಲ್ಕು ಕಡೆ ನಿಂತರೆ ಹಿಂದೆ ಬರುವ ಎಕ್ಸ್‌ಪ್ರೆಸ್ಸಿಗೂ ತಡ, ತೊಳೆಯೋಕೂ ತಡ, ಸಂಜೆ ನಿಮ್ಮ ಗಾಡಿಯೂ ತಡ.

ಖಾಲಿ ಓಡಾಟ ಕಡಿಮೆಯಾಗಬೇಕಾದರೆ ಗಾಡಿ ಜನ ಏಳುವ ಊರಲ್ಲೇ ಮಲಗಬೇಕು. ಮುಂಬೈ ಲೋಕಲ್‌ಗಳನ್ನು ರಾತ್ರಿ ವಿರಾರ್, ಕಲ್ಯಾಣದಂಥ ದೂರದ ಕಡೆಯೂ ನಿಲ್ಲಿಸುತ್ತಾರೆ, ಮುಂಜಾನೆಯ ಗಾಡಿ ಅಲ್ಲಿಂದಲೇ ಹೊರಡುತ್ತೆ. ಹತ್ತಿರದ ಊರುಗಳ ನಡುವೆ ಓಡುವ ನಮ್ಮ ಕರೆಂಟ್ ರೈಲು ಮೆಮುಗೂ ಲೋಕಲ್‌ನ ಹಾಗೆ ಎರಡೂ ತುದಿಯಲ್ಲಿ ಡ್ರೈವರ್ ಕ್ಯಾಬ್ ಇದೆ, ಎಂಜಿನ್ ಬಿಚ್ಚಿ ಆ ಕಡೆಗೆ ಹಾಕುವ ಗೋಜಿಲ್ಲ.

ನಾನು ಇದನ್ನು ಕಲಿತದ್ದು ನೈಟ್ ಹಾಲ್ಟ್ ಬಸ್ಸಿನಿಂದ. ನಮ್ಮ ಅತ್ತೆಯ ಊರಿಗೆ ಒಂದು ಬರ್ತಿತ್ತು. ಕಂಡಕ್ಟರ್ ಕಾಸಿನ ಚೀಲ ತಲೆದಿಂಬು ಮಾಡಿಕೊಂಡು ಉದ್ದನೆ ಸೀಟಲ್ಲಿ ಮಲಗೋರು. ಬೆಳಗಿನ ಜಾವ ಡ್ರೈವರ್ ಒದ್ದೆ ಪೇಪರಿನಲ್ಲಿ ಗಾಜು ಒರೆಸ್ತಾ ಇದ್ದರೆ ಅತ್ತೆ ಚೊಂಬಿನಲ್ಲಿ ಕಾಫಿ ಕಳಿಸೋರು. ಆಮೇಲೆ ಹಾಲ್ಟ್ ತೆಗೆದರು. ಬಸ್ಸು ಡಿಪೋದಿಂದ ಖಾಲಿ ಹೊರಟು ಏಳೂವರೆಗೆ ಬರೋಕೆ ಶುರುವಾಯ್ತು. ಕಾಲೇಜು ಹುಡುಗರಿಗೆ ಮೊದಲ ಕ್ಲಾಸು ತಪ್ಪಿತು, ಹಾಲಿನವರು, ಸೊಪ್ಪಿನವರು ಸೈಕಲ್ ತುಳಿದರು.

ನನ್ನ ಸಂಕಟ ಇಷ್ಟೇ. ಮೈಸೂರಿಂದ ಬೆಂಗಳೂರಿಗೆ ಸುಮಾರು 138 ಕಿ.ಮೀ. ಜೋಡಿ ಹಳಿಯಾಯ್ತು, ಕರೆಂಟೂ ಬಂತು. ಹೊಸ ರೈಲಿಗೆ ಬಾವುಟ ತೋರಿಸೋಕೆ ಸಾವಿರ ಜನ ಸೇರ್ತೀವಿ. ಅದು ರಾತ್ರಿ ಎಲ್ಲಿ ನಿಲ್ಲುತ್ತೆ, ಯಾರು ತೊಳೀತಾರೆ ಅಂತ ಒಬ್ಬರೂ ಕೇಳಲ್ಲ. ಊರಿಗೆ ನಲ್ಲಿ ಕೇಳ್ತೀವಿ, ಟ್ಯಾಂಕ್ ಕಟ್ಟೋಕೆ ಜಾಗ ಬಿಡಲ್ಲ. ಇಲ್ಲೂ ಹಾಗೇ.

ನೀವು ಚೆನ್ನಾಗಿ ಬರೀತೀರಿ. ಮುಂದಿನ ಪತ್ರದಲ್ಲಿ ಮಂಡ್ಯಕ್ಕೆ ರಾತ್ರಿ ರೇಕು ನಿಲ್ಲಿಸೋಕೆ ಎರಡು ಲೈನ್ ಕೇಳಿ, ಜೊತೆಗೆ ಲೋಕೋ ಪೈಲಟ್‌ಗೆ ಮಲಗೋಕೆ ಒಂದು ಒಳ್ಳೆ ರೂಮೂ ಕೇಳಿ. ಮೊದಲ ಪುಟದಲ್ಲೇ ಹಾಕ್ತೀನಿ.

— ಸಂ.