ಅಡುಗೆ ಪ್ರಶ್ನೋತ್ತರ: ಬೇಕನ್ ಹುರಿದ ಮೇಲೆ ಉಳಿಯುವ ಕೊಬ್ಬು

ಪ್ರ: ಬೇಕನ್ (ಉಪ್ಪು ಹಾಕಿ, ಹೊಗೆಯಲ್ಲಿಟ್ಟು ಹದಗೊಳಿಸಿದ ಹಂದಿಮಾಂಸದ ತೆಳು ಹೋಳು) ಹುರಿದಾಗ ಉಳಿಯುವ ಕೊಬ್ಬನ್ನು ಡಬ್ಬಿಗೆ ಸುರಿದಿಡುತ್ತೇನೆ. ಮುಂದಿನ ಸಲ ಬಳಸಿದಾಗ ಸೀದ ವಾಸನೆ ಬರುತ್ತದೆ, ಬಣ್ಣವೂ ಕಂದು. ಎಲ್ಲಿ ತಪ್ಪಾಗುತ್ತಿದೆ?

ಉ: ಎರಡು ಕಡೆ ಆಗಿರಬಹುದು. ಮೊದಲನೆಯದು ಉರಿ. ಕಾದ ಬಾಣಲೆಗೆ ಬೇಕನ್ ಹಾಕಿದರೆ ಕೊಬ್ಬು ಪೂರ್ತಿ ಕರಗುವ ಮೊದಲೇ ಮಾಂಸದ ಅಂಚು ಸೀಯುತ್ತದೆ. ತಣ್ಣಗಿರುವ ಬಾಣಲೆಯಲ್ಲೇ ಹೋಳುಗಳನ್ನು ಒಂದೇ ಪದರವಾಗಿ ಹರಡಿ ಸಣ್ಣ ಉರಿ ಇಡಿ. 12–15 ನಿಮಿಷ ಹಿಡಿಯುತ್ತದೆ, ನಡುವೆ ಎರಡು ಮೂರು ಸಲ ಮಗುಚಿದರೆ ಸಾಕು. ಅವನ್ ಇದ್ದರೆ ಇನ್ನೂ ಒಳ್ಳೆಯದು: ಅಂಚಿರುವ ತಟ್ಟೆಯಲ್ಲಿ 200 ಡಿಗ್ರಿ ಸೆಲ್ಸಿಯಸ್‌ಗೆ 15–20 ನಿಮಿಷ ಇಟ್ಟರೆ ಕೊಬ್ಬು ತಿಳಿಯಾಗಿ ಇಳಿಯುತ್ತದೆ. ಸಕ್ಕರೆ ಅಥವಾ ಮೇಪಲ್ ಪಾಕ ಸವರಿದ ಬೇಕನ್ ಆಗಿದ್ದರೆ ಮಾತ್ರ ಆ ಕೊಬ್ಬನ್ನು ಎತ್ತಿಡುವ ಯೋಚನೆ ಬಿಡಿ. ಸಕ್ಕರೆ ತಳ ಹಿಡಿದು ಕಪ್ಪಾಗುತ್ತದೆ, ಆ ಕಹಿ ಕೊಬ್ಬಿಗೂ ಇಳಿಯುತ್ತದೆ.

ಎರಡನೆಯದು ಸೋಸುವುದು. ತಳದಲ್ಲಿ ಉಳಿಯುವ ಮಾಂಸದ ಚೂರುಗಳೇ ಎಲ್ಲ ತೊಂದರೆಗೂ ಮೂಲ: ಮತ್ತೆ ಕಾಯಿಸಿದಾಗ ಮೊದಲು ಸೀಯುವುದು ಅವು, ಡಬ್ಬಿಯಲ್ಲಿ ಬೇಗ ಕೆಡುವುದೂ ಅವು. ಒಲೆ ಆರಿಸಿ ಐದಾರು ನಿಮಿಷ ಬಿಡಿ. ಕೊಬ್ಬು ಬೆಚ್ಚಗಿದ್ದು ಇನ್ನೂ ಹರಿಯುವಾಗ ಸಣ್ಣ ಕಣ್ಣಿನ ಜಾಲರಿಯ ಮೇಲೆ ತೆಳು ಬಟ್ಟೆ ಅಥವಾ ಕಾಫಿ ಫಿಲ್ಟರ್ ಕಾಗದ ಹಾಸಿ ಸೋಸಿ. ಕಾಗದದಲ್ಲಿ ನಿಧಾನವಾಗಿ ಇಳಿಯುತ್ತದೆ, ಒತ್ತಬೇಡಿ. ತಳದ ಕೊನೆಯ ಚಮಚದಷ್ಟನ್ನು ಬಾಣಲೆಯಲ್ಲೇ ಬಿಡಿ. ಆ ಲೋಭ ಬೇಡ. ಸರಿಯಾಗಿ ಸೋಸಿದ್ದು ಗಟ್ಟಿಯಾದಾಗ ಬೆಳ್ಳಗೆ ಅಥವಾ ತಿಳಿ ಕೆನೆ ಬಣ್ಣಕ್ಕಿರಬೇಕು.

ಪ್ರ: ಯಾವ ಪಾತ್ರೆ, ಎಷ್ಟು ದಿನ? ಹಳೆಯದರ ಮೇಲೆ ಹೊಸದು ಸುರಿಯಬಹುದೇ?

ಉ: ಗಾಜು, ಪಿಂಗಾಣಿ ಅಥವಾ ಸ್ಟೀಲ್. ಬಿಸಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ತಣ್ಣನೆಯ ಗಾಜಿಗೆ ಕುದಿಬಿಸಿ ಕೊಬ್ಬು ಸುರಿದರೆ ಸೀಳುತ್ತದೆ. ಒಳಗೆ ಒಂದು ಹನಿ ನೀರಿರಕೂಡದು, ಚಮಚವೂ ಒಣಗಿರಬೇಕು. ಫ್ರಿಜ್‌ನಲ್ಲಿ ಸುಮಾರು ಮೂರು ತಿಂಗಳು ಬರುತ್ತದೆ, ಫ್ರೀಜರ್‌ನಲ್ಲಿ ಇನ್ನೂ ಹೆಚ್ಚು. ಐಸ್ ಟ್ರೇಯಲ್ಲಿ ಒಂದೊಂದು ಚಮಚದಂತೆ ಗಟ್ಟಿಮಾಡಿಟ್ಟರೆ ಬೇಕಾದಷ್ಟೇ ತೆಗೆಯಬಹುದು. ಒಲೆಯ ಪಕ್ಕ ಡಬ್ಬಿ ಇಡುವ ಹಳೆಯ ಅಭ್ಯಾಸ ನಮಗೆ ಒಪ್ಪಿಗೆಯಿಲ್ಲ: ಶಾಖ, ಬೆಳಕು, ಗಾಳಿ ಮೂರೂ ಕೊಬ್ಬನ್ನು ಕಮಟಾಗಿಸುತ್ತವೆ.

ಹಳೆಯದರ ಮೇಲೆ ಹೊಸದು ಸುರಿದರೆ ಇಡೀ ಡಬ್ಬಿಯ ವಯಸ್ಸು ಅತಿ ಹಳೆಯ ಪದರದ್ದೇ. ಸಣ್ಣ ಡಬ್ಬಿಗಳಲ್ಲಿಟ್ಟು ದಿನಾಂಕ ಬರೆಯಿರಿ. ಇನ್ನೇನಾದರೂ ಕರಿದು ಮಿಕ್ಕ ಕೊಬ್ಬನ್ನು ಮರಳಿ ಡಬ್ಬಿಗೆ ಹಾಕಬೇಡಿ. ಹಳೆಯ ಪೇಂಟ್ ಅಥವಾ ಮೇಣದಂಥ ವಾಸನೆ ಬಂದರೆ, ಬೂಸ್ಟು ಕಂಡರೆ, ಪೂರ್ತಿ ಎಸೆಯಿರಿ. ಮೇಲಿನದನ್ನು ಕೆರೆದು ತೆಗೆದು ಉಳಿಸಿಕೊಳ್ಳಲಾಗದು.

ಪ್ರ: ಬೆಣ್ಣೆ ಹಾಕುವ ಕಡೆ ಅಷ್ಟೇ ಅಳತೆಯಲ್ಲಿ ಇದನ್ನು ಹಾಕಿದೆ. ಬಿಸ್ಕತ್ತು ಜಿಡ್ಡಾಗಿ ಹರಡಿಕೊಂಡಿತು, ಉಪ್ಪೂ ಹೆಚ್ಚಾಯಿತು.

ಉ: ಬೆಣ್ಣೆಯಲ್ಲಿ ಶೇಕಡಾ 16–18ರಷ್ಟು ನೀರಿದೆ, ಸೋಸಿದ ಬೇಕನ್ ಕೊಬ್ಬಿನಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ 100 ಗ್ರಾಂ ಬೆಣ್ಣೆಗೆ ಬದಲಾಗಿ 80–85 ಗ್ರಾಂ ಸಾಕು. ಆದರೂ ಬೆಣ್ಣೆಯನ್ನು ಪೂರ್ತಿ ಬಿಡುವುದಕ್ಕಿಂತ ಕಾಲು ಭಾಗವನ್ನಷ್ಟೇ ಬದಲಿಸುವುದು ಮೇಲು. ಹೊಗೆಯ ಘಮ ಅಷ್ಟರಲ್ಲೇ ಬರುತ್ತದೆ. ಹಿಟ್ಟಿಗೆ ಬೆರೆಸುವಾಗ ಕೊಬ್ಬು ಫ್ರಿಜ್‌ನಿಂದ ತೆಗೆದಂತೆ ಗಟ್ಟಿಯಾಗಿರಲಿ. ಉಪ್ಪು ಕೊಬ್ಬಿನಲ್ಲಿ ಕರಗುವುದಿಲ್ಲ, ತಳದಲ್ಲಿ ಉಳಿಯುವ ಮಾಂಸದ ಚೂರುಗಳ ಜೊತೆ ಬರುತ್ತದೆ. ಉಪ್ಪು ಹೆಚ್ಚಾಯಿತೆಂದರೆ ಸೋಸಿದ್ದು ಸಾಲದು.

ಪ್ರ: ಇದರಲ್ಲಿ ಕರಿಯಬಹುದೇ? ಯಾವುದಕ್ಕೆ ಹೊಂದುತ್ತದೆ?

ಉ: ಮುಳುಗಿಸಿ ಕರಿಯಲು ಬೇಡ, ಬೇಗ ಹೊಗೆಯಾಡುತ್ತದೆ. ಮಧ್ಯಮ ಉರಿಗೆ ಇದಕ್ಕೆ ಸಾಟಿಯಿಲ್ಲ. ಎರಡು ಮೊಟ್ಟೆಗೆ ಒಂದು ಟೀ ಚಮಚ, ಅರ್ಧ ಕಿಲೋ ಆಲೂಗಡ್ಡೆ ಹೋಳಿಗೆ ಒಂದೂವರೆ ಟೇಬಲ್ ಚಮಚ. ಎಲೆಕೋಸು, ಬೀನ್ಸ್, ಜೋಳದ ಬ್ರೆಡ್ಡಿಗೂ ಸೊಗಸು. ಗ್ರೇವಿಗೆ ಎರಡು ಟೇಬಲ್ ಚಮಚ ಕೊಬ್ಬಿನಲ್ಲಿ ಅಷ್ಟೇ ಮೈದಾ ಹುರಿದು ಒಂದು ಕಪ್ ಹಾಲು ಹಾಕಿ. ಸಲಾಡ್ ಮೇಲೆ ಹಾಕುವುದಾದರೆ ಬಿಸಿಯಿರುವಾಗಲೇ ವಿನೆಗರ್ ಬೆರೆಸಿ ತಕ್ಷಣ ಬಡಿಸಿ, ಆರಿದರೆ ಎಲೆಗಳ ಮೇಲೆ ಮೇಣದಂತೆ ಹೆಪ್ಪುಗಟ್ಟುತ್ತದೆ. ಎಲ್ಲಕ್ಕೂ ಉಪ್ಪು ಕೊನೆಗೆ, ರುಚಿ ನೋಡಿ ಹಾಕಿ. ಒಂದು ಟೇಬಲ್ ಚಮಚದಲ್ಲಿ ಸುಮಾರು 115 ಕ್ಯಾಲೊರಿ, 5 ಗ್ರಾಂ ಸ್ಯಾಚುರೇಟೆಡ್ ಕೊಬ್ಬು ಇರುತ್ತದೆ. ಅಳೆದು ಹಾಕಿ, ಡಬ್ಬಿಯಿಂದ ನೇರ ಸುರಿಯಬೇಡಿ.

ಪ್ರ: ಎರಕದ ಕಬ್ಬಿಣದ ಬಾಣಲೆಯನ್ನು ಇದರಿಂದ ಪಳಗಿಸಬಹುದೇ?

ಉ: ಹೊಸ ಬಾಣಲೆಗೆ ಬೇಡ. ಕಾಯಿಸಿದಾಗ ಗಟ್ಟಿ ಪದರವಾಗುವ ಗುಣ ಇದರಲ್ಲಿ ಕಡಿಮೆ, ಅಂಟಂಟಾಗಿ ಉಳಿಯುತ್ತದೆ. ಅದಕ್ಕೆ ಸಾಮಾನ್ಯ ಅಡುಗೆ ಎಣ್ಣೆಯೇ ಸರಿ. ಪಳಗಿದ ಬಾಣಲೆಯಲ್ಲಿ ಇದರಿಂದ ಅಡುಗೆ ಮಾಡಲು ಅಡ್ಡಿಯಿಲ್ಲ.

ಪ್ರ: ಬೇಡವಾದದ್ದನ್ನು ಬಿಸಿನೀರಿನೊಂದಿಗೆ ಸಿಂಕಿಗೆ ಬಿಡಬಹುದೇ?

ಉ: ಬೇಡ. ಬಿಸಿನೀರು ಪೈಪಿನಲ್ಲಿ ಮುಂದೆ ಹೋಗಿ ಆರುತ್ತದೆ, ಕೊಬ್ಬು ಅಲ್ಲಿ ಕಟ್ಟಿಕೊಳ್ಳುತ್ತದೆ, ಮಾರ್ಜಕ ಹಾಕಿದರೂ ಅಷ್ಟೇ. ಖಾಲಿ ತಗಡಿನ ಡಬ್ಬಿಯಲ್ಲಿ ಗಟ್ಟಿಯಾಗಲು ಬಿಟ್ಟು ಕಸಕ್ಕೆ ಹಾಕಿ.